ಕೆನರಾದ ಮೊದಲ ಕಲೆಕ್ಟರ್ ಮನ್ರೋ: ಹೆಂಡತಿಗೆ ಬರೆದ ಪತ್ರ ಉಳಿಯಿತು, ಮನೆಗೆ ಮರಳುವುದು ಆಗಲಿಲ್ಲ

ಮಂಗಳೂರು: ಇಲ್ಲಿ ಜಾಗ, ಅಂಗಡಿ ವ್ಯವಹಾರ ಮಾಡುವವರಿಗೆ ಮೂಲಗೇಣಿ ಎಂಬ ಮಾತು ಹೊಸದಲ್ಲ. ಈ ಜಿಲ್ಲೆಯ ಜಮೀನು ಹಕ್ಕಿನ ಬಗ್ಗೆ 1800ರಲ್ಲೇ ಕಂಪನಿ ಸರಕಾರಕ್ಕೆ ವಿವರವಾಗಿ ಬರೆದುಕೊಟ್ಟವರು ಥಾಮಸ್ ಮನ್ರೋ. ಮಂತ್ರಾಲಯದ ರಾಯರ ಕತೆಯಲ್ಲಿ ಬರುವ ಮನ್ರೋ ಸಾಹೇಬರು ಇವರೇ.

1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ ಮನ್ರೋ, 1780ರಲ್ಲಿ ಮದ್ರಾಸಿಗೆ ಬಂದು ಸೈನ್ಯ ಸೇರಿದರು. ಅದೇ ವರ್ಷ ಹೈದರಾಲಿ ಜೊತೆ ಯುದ್ಧ. ಆಗಿನಿಂದಲೇ ಊರಿಗೆ ಪತ್ರ ಬರೆಯುವ ಅಭ್ಯಾಸ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾದ ಕಲೆಕ್ಟರ್ ಆಗಿ ಬಂದರು. ಇನ್ನೂ ಮದುವೆ ಆಗಿರಲಿಲ್ಲ. ಇಲ್ಲಿನ ಬಿಡದ ಮಳೆ, ದಾಟಲಾಗದ ಹೊಳೆ ನೋಡಿ ಸಾಕು ಸಾಕಾಗಿ, ಅದನ್ನೂ ಪತ್ರದಲ್ಲಿ ಬರೆದರು. ಆದರೆ ಅವರ ಆಡಳಿತ ಮೃದುವಾಗಿರಲಿಲ್ಲ. ಕಂಪನಿ ವಿರುದ್ಧ ಎದ್ದ ವಿಟ್ಲದ ಹೆಗ್ಗಡೆಯನ್ನು ಗಲ್ಲಿಗೇರಿಸಲಾಯಿತು.

1814ರಲ್ಲಿ ಜೇನ್ ಕ್ಯಾಂಬೆಲ್ ಜೊತೆ ಮದುವೆ. 1818ರ ಯುದ್ಧದಲ್ಲಿ ಬಾದಾಮಿ, ಬೆಳಗಾವಿ ಕೋಟೆ ಗೆದ್ದರು. 1820ರಲ್ಲಿ ಮದ್ರಾಸ್ ಗವರ್ನರ್ ಆದರು. ಸಾಕು, ಊರಿಗೆ ಹೋಗ್ತೇನೆ ಅಂತ ಕೇಳಿಕೊಂಡರೂ ಬರ್ಮಾ ಯುದ್ಧ ಬಂತು. ಯುದ್ಧದ ಮಧ್ಯೆ ಬಿಟ್ಟು ಹೋಗಲಿಲ್ಲ.

1826ರ ಮಾರ್ಚ್‌ನಲ್ಲಿ ಕಿರಿಯ ಮಗನ ಆರೋಗ್ಯ ಕೆಟ್ಟಿದ್ದರಿಂದ ಜೇನ್ ಮಗುವನ್ನು ಕರಕೊಂಡು ಹಡಗು ಹತ್ತಿದರು. ಆಮೇಲೆ ಮನ್ರೋ ಪತ್ನಿಗೆ ಬರೆದ ಪತ್ರಗಳಲ್ಲಿ ರಾಜ್ಯಭಾರದ ಠೀವಿ ಇಲ್ಲ. ಗಿಂಡಿಯ ಮನೆಯಲ್ಲಿ ಅವರಿಬ್ಬರೂ ಇಲ್ಲದೆ ಬಿಕೋ ಅನ್ನುವುದು, ತೋಟದಲ್ಲಿ ಒಬ್ಬರೇ ನಡೆಯುವುದು, ನೀಲಗಿರಿ ಬೆಟ್ಟ ನೋಡಿದ್ದು, ಇಂಥದ್ದೇ. ನಲವತ್ತಾರು ವರ್ಷ ಹಿಂದೆ ಯುದ್ಧಕ್ಕೆ ಬಂದ ಸಿಪಾಯಿಗೆ ಈಗ ಮನೆಯೇ ದೂರವಾಗಿತ್ತು.

1827ರಲ್ಲಿ ಹೊರಡುವ ಮುಂಚೆ ತಾನು ಮೊದಲು ಆಳಿದ ರಾಯಲಸೀಮೆಗೆ ಕೊನೆಯ ಸಲ ಹೋದರು. ಅಲ್ಲಿ ಕಾಲರಾ. ಜುಲೈ 6ರಂದು ಪತ್ತಿಕೊಂಡದಲ್ಲಿ ತೀರಿಹೋದರು. ಮೂರು ವರ್ಷದ ನಂತರ ಅವರ ಪತ್ರಗಳು ಪುಸ್ತಕವಾಗಿ ಅಚ್ಚಾದವು.

ಆಗ ಸುದ್ದಿಯೂ ಹಡಗಿನಲ್ಲೇ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ದಿನವೂ ಜೇನ್ ಪಾಲಿಗೆ ಗಂಡ ಇನ್ನೇನು ಮನೆಗೆ ಬರುವವರೇ ಆಗಿದ್ದರು.