ದಾವೀದನ ಕೋಪವೂ ಅವನಿಗೆ ಬುದ್ಧಿ ಹೇಳಿದವರೂ

ಇಸ್ರಾಯೇಲ್ಯರ ಅರಸನಾದ ದಾವೀದನ ಹೆಸರನ್ನು ಕೇಳದ ಮನೆಯು ನಮ್ಮ ಸಭೆಗಳಲ್ಲಿ ಇರಲಾರದು. ಅವನು ಕವಣೆಯ ಕಲ್ಲಿನಿಂದ ಗೊಲ್ಯಾತನನ್ನು ಕೆಡವಿದ್ದನ್ನೂ ಸೌಲನ ಮುಂದೆ ಕಿನ್ನರಿ ನುಡಿಸಿದ್ದನ್ನೂ ಮಕ್ಕಳು ಸಹ ಬಲ್ಲರು. ಆದರೆ ಅವನು ಬಹು ಬೇಗನೆ ಸಿಟ್ಟಿಗೇಳುವ ಮನುಷ್ಯನಾಗಿದ್ದನೆಂಬದನ್ನು ನಾವು ಅಷ್ಟಾಗಿ ಜ್ಞಾಪಕಮಾಡುವದಿಲ್ಲ. ಸಮುವೇಲನ ಎರಡು ಪುಸ್ತಕಗಳನ್ನು ಬಿಡಿಬಿಡಿಯಾಗಿ ಓದದೆ ಮೊದಲಿನಿಂದ ಕೊನೆಯ ವರೆಗೂ ಒಂದೇ ಓಟದಲ್ಲಿ ಓದುವವನಿಗೆ ಇದು ತಾನಾಗಿಯೇ ಕಾಣುತ್ತದೆ. ಅದರ ಸಂಗಡ ಇನ್ನೊಂದು ಸಂಗತಿಯೂ ಕಾಣುತ್ತದೆ. ಆ ಕೋಪವು ನಿಂತ ಸಮಯಗಳಲ್ಲೆಲ್ಲಾ ಹೆಚ್ಚಾಗಿ ಯಾರಾದರೂ ಒಬ್ಬರು ದಾರಿಯಲ್ಲಿ ಅಡ್ಡ ಬಂದು ಮಾತಾಡಿದ್ದರು. ಆದಕಾರಣ ಅವನ ಚರಿತ್ರೆಯನ್ನು ಆ ಒಂದು ಜಾಡು ಹಿಡಿದು ನೋಡಬೇಕೆಂದಿದ್ದೇವೆ.

ದಾವೀದನು ಕ್ರಿಸ್ತ ಪೂರ್ವ ಸುಮಾರು 1000ದ ಕಾಲದವನು. ಯೆಹೂದದ ಬೇತ್ಲೆಹೇಮ್ ಊರಿನ ಇಷಯನ ಕಿರಿಯ ಮಗನು. ಕುರಿ ಕಾಯುತ್ತಿದ್ದ ಹುಡುಗನು ಅರಮನೆಗೆ ಬಂದಾಗ ಅಲ್ಲಿ ಅವನು ಮೊದಲು ಕಂಡದ್ದು ಒಬ್ಬ ಅರಸನ ಕೋಪವನ್ನು. ಸೌಲನು ತನಗಾಗಿ ಕಿನ್ನರಿ ನುಡಿಸುವವನ ಮೇಲೆಯೇ ಈಟಿಯನ್ನು ಎಸೆದನು. ಆ ಸ್ನೇಹಿತನ ಪಕ್ಷವಾಗಿ ಮಾತಾಡಿದ ತಪ್ಪಿಗೆ ಸ್ವಂತ ಮಗನಾದ ಯೋನಾತಾನನ ಮೇಲೆಯೂ ಎಸೆದನು. ಕಡೆಗೆ, ಓಡಿಹೋಗುತ್ತಿದ್ದ ದಾವೀದನಿಗೆ ರೊಟ್ಟಿ ಕೊಟ್ಟರೆಂಬ ಕಾರಣದಿಂದ ನೋಬ್ ಊರಿನ 85 ಮಂದಿ ಯಾಜಕರನ್ನು ಒಂದೇ ದಿನದಲ್ಲಿ ಕೊಲ್ಲಿಸಿದನು. ಆಗ ಅರಸನ ಸ್ವಂತ ಸಿಪಾಯಿಗಳು ಕೈಯೆತ್ತಲು ಒಪ್ಪಲಿಲ್ಲ; ಆದರೆ ಅರಸನ ಕೈಯನ್ನು ಹಿಡಿಯುವವರೂ ಅವರೊಳಗೆ ಇರಲಿಲ್ಲ. ಎದೋಮ್ಯನಾದ ದೋಯೇಗನೆಂಬವನು ಮುಂದೆ ಬಂದು ಆ ಕೆಲಸವನ್ನು ಮಾಡಿದನು. ಸಿಟ್ಟುಗೊಂಡ ದೊಡ್ಡ ಮನುಷ್ಯನಿಗೆ ಇಂಥ ಒಬ್ಬ ಆಳು ಎಲ್ಲಿಯಾದರೂ ಸಿಕ್ಕುತ್ತಾನೆ.

ಇಷ್ಟನ್ನು ನೋಡಿದವನು ಕೋಪಕ್ಕೆ ಹೇಸಿಕೊಂಡಿರಬೇಕೆಂದು ನಾವು ನೆನಸಬಹುದು. ಏಂಗೆದಿಯ ಗವಿಯಲ್ಲಿ ಸೌಲನು ಕೈಗೆ ಸಿಕ್ಕಿದಾಗ ದಾವೀದನು ಅವನ ನಿಲುವಂಗಿಯ ಅಂಚನ್ನು ಮಾತ್ರ ಕತ್ತರಿಸಿಕೊಂಡನು. ಅಷ್ಟಕ್ಕೇ ಅವನ ಮನಸ್ಸು ಅವನನ್ನು ಚುಚ್ಚಿತು. ಆದರೆ ಮನುಷ್ಯನ ಹೃದಯವು ವಿಚಿತ್ರವಾದದ್ದು. ಜೀವ ತೆಗೆಯಲು ಬಂದ ಅರಸನನ್ನು ಕ್ಷಮಿಸಿದವನು ಅದರ ಹಿಂದೆಯೇ ಒಬ್ಬ ಸಿರಿವಂತ ರೈತನ ಹೀನಾಯದ ಮಾತನ್ನು ತಾಳಲಾರದೆ ಹೋದನು.

ಆ ರೈತನು ಮಾವೋನಿನ ನಾಬಾಲನು. ಕಾಲೇಬನ ವಂಶದವನು, ಹೆಬ್ರೋನಿಗೆ ದಕ್ಷಿಣದಲ್ಲಿರುವ ಕರ್ಮೆಲೆಂಬ ಊರಿನಲ್ಲಿ ಅವನಿಗೆ 3000 ಕುರಿಗಳೂ 1000 ಆಡುಗಳೂ ಇದ್ದವು. (ಎಲೀಯ ಪ್ರವಾದಿಯು ಯಜ್ಞಮಾಡಿದ ಕರ್ಮೆಲ್ ಬೆಟ್ಟವು ಉತ್ತರದಲ್ಲಿ ಸಮುದ್ರದ ಬಳಿಯಲ್ಲಿದೆ, ಇದು ಬೇರೆ.) ದಾವೀದನು ತನ್ನ ಸುಮಾರು 600 ಜನರ ಸಂಗಡ ಆ ಅಡವಿಯಲ್ಲಿ ಅಡಗಿಕೊಂಡಿದ್ದ ದಿನಗಳಲ್ಲಿ ನಾಬಾಲನ ಕುರುಬರಿಗೆ ಯಾವ ಕೇಡನ್ನೂ ಮಾಡಲಿಲ್ಲ, ಹಗಲೂ ರಾತ್ರಿಯೂ ಅವರಿಗೆ ಗೋಡೆಯಂತೆ ಇದ್ದನು. ಉಣ್ಣೆ ಕತ್ತರಿಸುವ ಕಾಲವು ಬಂತು. ಅದು ಅಲ್ಲಿಯವರಿಗೆ ಔತಣದ ಕಾಲ. ಸುಗ್ಗಿಯ ಕಣಕ್ಕೆ ಬಂದವನನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬದು ನಮ್ಮ ಒಕ್ಕಲಿಗರಿಗೂ ತಿಳಿದದ್ದೇ. ದಾವೀದನು ಹತ್ತು ಮಂದಿ ಯೌವನಸ್ಥರನ್ನು ಕಳುಹಿಸಿ, ಮೊದಲು ಸಮಾಧಾನವನ್ನು ಹಾರೈಸಿ, ಕೈಗೆ ದೊರೆತದ್ದನ್ನು ದಯಪಾಲಿಸಬೇಕೆಂದು ಬಹು ವಿನಯವಾಗಿ ಕೇಳಿಸಿದನು.

ನಾಬಾಲನು ಇಲ್ಲವೆಂದು ಹೇಳಿ ಬಿಟ್ಟಿದ್ದರೆ ಸಂಗತಿಯು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅವನು ದಾವೀದನೆಂದರೆ ಯಾರೆಂದು ಕೇಳಿದನು. ಇತ್ತಲಾಗಿ ದಣಿಗಳನ್ನು ಬಿಟ್ಟು ಓಡಿಹೋಗುವ ಆಳುಗಳು ಹೆಚ್ಚಾಗಿದ್ದಾರೆಂದೂ, ತನ್ನ ಕೆಲಸದವರಿಗಾಗಿ ಸಿದ್ಧಮಾಡಿದ ರೊಟ್ಟಿಯನ್ನೂ ಮಾಂಸವನ್ನೂ ಎಲ್ಲಿಯವರೆಂದು ತಿಳಿಯದವರಿಗೆ ಕೊಡಬೇಕೋ ಎಂದೂ ಹೀಯಾಳಿಸಿದನು. ಹಸಿವೆಯನ್ನು ಸಹಿಸಿಕೊಂಡಿದ್ದ ದಾವೀದನಿಗೆ ಇದು ತಾಗಿತು. ಅವನು ಎಲ್ಲರೂ ಕತ್ತಿ ಕಟ್ಟಿಕೊಳ್ಳಬೇಕೆಂದು ಅಪ್ಪಣೆಮಾಡಿ ತಾನೂ ಕಟ್ಟಿಕೊಂಡನು. 200 ಜನರನ್ನು ಸಾಮಾನಿನ ಬಳಿಯಲ್ಲಿ ಬಿಟ್ಟು 400 ಜನರೊಡನೆ ಹೊರಟನು. ಬೆಳಗಾಗುವದರೊಳಗೆ ಆ ಮನೆಯಲ್ಲಿ ಒಂದು ಗಂಡು ಜೀವವನ್ನೂ ಉಳಿಸುವದಿಲ್ಲವೆಂದು ಆಣೆಯಿಟ್ಟುಕೊಂಡನು. ಬೈದವನು ಒಬ್ಬನು, ಸಾಯಬೇಕಾದವರು ಆ ಮನೆಯ ಗಂಡಸರೆಲ್ಲರೂ, ತಾನು ಕಾದು ಉಳಿಸಿದ ಕುರುಬರು ಸಹ! ಅವನ 600 ಜನರಲ್ಲಿ ಒಬ್ಬನಾದರೂ ಇದನ್ನು ಅವನಿಗೆ ತೋರಿಸಿಕೊಟ್ಟನೆಂದು ಬರೆದಿರುವದಿಲ್ಲ.

ಈ ಕೇಡನ್ನು ತಪ್ಪಿಸಲು ಮೊದಲು ಬಾಯಿತೆರೆದವನು ನಾಬಾಲನ ಮನೆಯ ಒಬ್ಬ ಆಳು. ಅವನ ಹೆಸರು ನಮಗೆ ತಿಳಿಯದು. ದಣಿಯು ಯಾರ ಮಾತನ್ನೂ ಕೇಳದ ಮೂರ್ಖನೆಂದು ಅವನು ಅನುಭವದಿಂದ ಬಲ್ಲವನಾದಕಾರಣ ದಣಿಯ ಬಳಿಗೆ ಹೋಗದೆ ಒಡತಿಯಾದ ಅಬೀಗೈಲಳ ಬಳಿಗೆ ಹೋಗಿ, ನಡೆದದ್ದನ್ನು ಹೇಳಿ, ಈಗ ಏನು ಮಾಡಬೇಕೋ ಆಲೋಚಿಸಬೇಕೆಂದು ಬೇಡಿಕೊಂಡನು. ಬುದ್ಧಿಮಾತು ಹೇಳುವದಕ್ಕೆ ಧೈರ್ಯವು ಬೇಕು. ಯಾರಿಗೆ ಹೇಳಬೇಕೆಂಬ ತಿಳುವಳಿಕೆಯೂ ಬೇಕು. ಈ ಆಳಿಗೆ ಎರಡೂ ಇದ್ದವು.

ಅಬೀಗೈಲಳು ತಡಮಾಡಲಿಲ್ಲ. 200 ರೊಟ್ಟಿ, ಎರಡು ಬುದ್ದಲಿ ದ್ರಾಕ್ಷಾರಸ, ಹದಮಾಡಿದ ಐದು ಕುರಿ, ಐದು ಅಳತೆ ಹುರಿದ ಧಾನ್ಯ, ಒಣದ್ರಾಕ್ಷೆಯ 100 ಗೊಂಚಲು, ಅಂಜೂರದ 200 ಉಂಡೆ, ಇಷ್ಟನ್ನೂ ಕತ್ತೆಗಳ ಮೇಲೆ ಹೇರಿಸಿ ಮುಂದಾಗಿ ಕಳುಹಿಸಿ ತಾನು ಹಿಂದೆ ಹೊರಟಳು. ಗಂಡನಿಗೆ ತಿಳಿಸಲಿಲ್ಲ. ಇದು ಹೆಂಡತಿಗೆ ತಕ್ಕದ್ದೋ ಎಂದು ಕೆಲವರು ಕೇಳುವದುಂಟು. ಆ ದಿನ ಗಂಡನ ಮಾತಿನಂತೆ ನಡೆದಿದ್ದರೆ ಮರುದಿನ ಅವಳಿಗೆ ಗಂಡನೂ ಇರುತ್ತಿರಲಿಲ್ಲ, ಮನೆಯೂ ಇರುತ್ತಿರಲಿಲ್ಲವೆಂಬದೇ ನಮ್ಮ ಉತ್ತರ.

ಗುಡ್ಡದ ಮರೆಯಲ್ಲಿ ಅವಳು ಇಳಿದು ಬರುತ್ತಿರಲಾಗಿ ದಾವೀದನು ಎದುರಾಗಿ ಇಳಿದು ಬಂದನು. ಅವಳು ಕತ್ತೆಯಿಂದ ಇಳಿದು ನೆಲಕ್ಕೆ ಬಿದ್ದು ನಮಸ್ಕರಿಸಿದಳು. ಅವಳು ಆಡಿದ ಮಾತಿನ ಕ್ರಮವನ್ನು ನಾವು ಗಮನಿಸತಕ್ಕದ್ದು. ಕೋಪಮಾಡಬಾರದೆಂದು ಅವಳು ಎಲ್ಲಿಯೂ ಹೇಳಲಿಲ್ಲ. ತಪ್ಪನ್ನು ಮೊದಲು ತನ್ನ ತಲೆಯ ಮೇಲೆ ಹಾಕಿಕೊಂಡಳು. ಅವನು ಕಳುಹಿಸಿದ ಯೌವನಸ್ಥರನ್ನು ತಾನು ಕಾಣದೆ ಹೋದೆನೆಂದಳು. ನಾಬಾಲನೆಂಬ ಹೆಸರಿಗೆ ಇಬ್ರಿಯ ಮಾತಿನಲ್ಲಿ ಮೂರ್ಖನೆಂದರ್ಥ. ಹೆಸರಿನಂತೆಯೇ ಮನುಷ್ಯನೂ, ಅವನನ್ನು ಲಕ್ಷಿಸುವದು ಬೇಡವೆಂದಳು. ತಂದ ಕಾಣಿಕೆಯನ್ನು ಮುಂದಿಟ್ಟಳು. ಕಡೆಗೆ ಮುಖ್ಯವಾದದ್ದನ್ನು ಹೇಳಿದಳು. ದೇವರು ಅವನನ್ನು ಇಸ್ರಾಯೇಲಿಗೆ ಪ್ರಭುವನ್ನಾಗಿ ಮಾಡುವ ದಿನವು ಬರುವದೆಂದೂ, ಆ ದಿನದಲ್ಲಿ ಕಾರಣವಿಲ್ಲದೆ ರಕ್ತ ಸುರಿಸಿದೆನೆಂಬ ಕೊರಗು ಅವನ ಮನಸ್ಸಿಗೆ ಇರಬಾರದೆಂದೂ ಬೇಡಿಕೊಂಡಳು. ಸಿಟ್ಟಿನಲ್ಲಿದ್ದವನಿಗೆ ಆ ರಾತ್ರಿಯ ಹೊರತು ಏನೂ ಕಾಣುತ್ತಿರಲಿಲ್ಲ. ಅವಳು ಅವನಿಗೆ ಬರುವ ವರುಷಗಳನ್ನು ಕಾಣಿಸಿದಳು. ಅವಳ ಮಾತಿನಲ್ಲಿ ಕವಣೆಯ ಹೋಲಿಕೆಯೂ ಬಂತು. ದೇವರು ಅವನ ವೈರಿಗಳ ಪ್ರಾಣವನ್ನು ಕವಣೆಯಿಂದಲೋ ಎಂಬಂತೆ ಎಸೆದುಬಿಡುವನೆಂದಳು. ಅದನ್ನು ಕೇಳಿದ ಕುರುಬನಿಗೆ ತನ್ನ ಮೊದಲನೆಯ ದಿನಗಳು ಜ್ಞಾಪಕಕ್ಕೆ ಬಾರದೆ ಇದ್ದಾವೇ?

400 ಮಂದಿ ಕತ್ತಿ ಕಟ್ಟಿಕೊಂಡು ನೋಡುತ್ತಿರುವಾಗ, ಆಣೆಯಿಟ್ಟು ಹೊರಟ ನಾಯಕನು ಒಬ್ಬ ಹೆಂಗಸಿನ ಮಾತಿಗೆ ಹಿಂದಿರುಗುವದು ಸುಲಭವಲ್ಲ. ದಾವೀದನು ಹಿಂದಿರುಗಿದನು. ದೇವರನ್ನು ಕೊಂಡಾಡಿದನು, ಅವಳ ವಿವೇಕವನ್ನೂ ಅವಳನ್ನೂ ಹರಸಿದನು, ಅವಳು ಬಾರದಿದ್ದರೆ ತಾನು ಏನು ಮಾಡುತ್ತಿದ್ದೆನೆಂಬದನ್ನು ಮುಚ್ಚಿಡದೆ ಹೇಳಿದನು. ಗೊಲ್ಯಾತನನ್ನು ಕೆಡವಿದ ದಿನಕ್ಕಿಂತ ಈ ದಿನವೇ ಅವನು ದೊಡ್ಡವನಾಗಿ ನಮಗೆ ಕಾಣುತ್ತಾನೆ.

ಅವಳು ಮನೆಗೆ ಬಂದಾಗ ನಾಬಾಲನು ಅರಸರ ಔತಣದಂಥ ಔತಣದಲ್ಲಿ ಕುಡಿದು ಮತ್ತನಾಗಿದ್ದನು. ಬೆಳಗಾಗುವ ವರೆಗೆ ಅವಳು ಒಂದು ಮಾತೂ ಆಡಲಿಲ್ಲ. ಮಾತಿಗೆ ಹೊತ್ತುಂಟೆಂಬದನ್ನು ಅವಳು ಬಲ್ಲಳು. ಅಮಲು ಇಳಿದ ಮೇಲೆ ಸಂಗತಿಯನ್ನು ಕೇಳಿ ಅವನ ಎದೆಯೊಡೆಯಿತು, ಅವನು ಕಲ್ಲಿನಂತಾದನು. ಸುಮಾರು ಹತ್ತು ದಿನಗಳಾದ ಮೇಲೆ ಸತ್ತನು. ತರುವಾಯ ದಾವೀದನು ಅಬೀಗೈಲಳನ್ನು ಮದುವೆಯಾದನು. ಹೆಬ್ರೋನಿನಲ್ಲಿ ಅವಳು ಒಬ್ಬ ಮಗನನ್ನು ಹೆತ್ತಳೆಂಬದು ಅವಳ ವಿಷಯವಾಗಿ ಬರೆದಿರುವ ಕಡೆಯ ಸಂಗತಿ.

ದಾವೀದನು 30 ವರುಷದವನಾಗಿ ಅರಸನಾದನು. ಹೆಬ್ರೋನಿನಲ್ಲಿ ಏಳೂವರೆ ವರುಷ, ಯೆರೂಸಲೇಮಿನಲ್ಲಿ 33 ವರುಷ ಆಳಿದನು. ಯುದ್ಧಗಳನ್ನೂ ಜಯಗಳನ್ನೂ ಇಲ್ಲಿ ವಿವರಿಸುವದಿಲ್ಲ. ಸಿಂಹಾಸನವು ಎತ್ತರವಾದಷ್ಟು ಅಡ್ಡ ಬಂದು ನಿಲ್ಲುವವರು ಕಡಿಮೆಯಾದರು. ಊರೀಯನನ್ನು ಯುದ್ಧದ ಮುಂಭಾಗದಲ್ಲಿ ನಿಲ್ಲಿಸಿ ಸಾಯಿಸಬೇಕೆಂಬ ಕಾಗದವು ಬಂದಾಗ ಸೇನಾಪತಿಯಾದ ಯೋವಾಬನು ಅದನ್ನು ಓದಿ ಹಾಗೆಯೇ ಮಾಡಿದನು. ಕಾರಣವಿಲ್ಲದೆ ಸುರಿದ ರಕ್ತದ ಕೊರಗು ಬೇಡವೆಂದು ಅಬೀಗೈಲಳು ಬೇಡಿಕೊಂಡದ್ದು ಯಾವದನ್ನೋ ಅದೇ ಸಂಭವಿಸಿತು.

ಆಗ ಪ್ರವಾದಿಯಾದ ನಾತಾನನು ಬಂದನು. ಅವನು ಅರಸನ ಕೋಪವನ್ನು ಆರಿಸಲಿಲ್ಲ, ಬೇಕೆಂದೇ ಎಬ್ಬಿಸಿದನು. ಬಹಳ ಕುರಿಗಳಿದ್ದ ಸಿರಿವಂತನು ಬಡವನ ಒಂದೇ ಒಂದು ಮುದ್ದಿನ ಕುರಿಮರಿಯನ್ನು ಕಿತ್ತುಕೊಂಡು ಅತಿಥಿಗೆ ಅಡಿಗೆಮಾಡಿಸಿದನೆಂದು ಹೇಳಲಾಗಿ, ದಾವೀದನು ಉರಿದೆದ್ದು ಅವನು ಸಾಯತಕ್ಕವನೆಂದು ತೀರ್ಪುಕೊಟ್ಟನು. ಮಂದೆಯುಳ್ಳ ಜಿಪುಣನಾದ ಸಿರಿವಂತನೆಂದೊಡನೆ ಅವನ ಕಣ್ಣಿಗೆ ನಾಬಾಲನು ಕಂಡಿರಬಹುದೆಂದು ನಾವು ಊಹಿಸುತ್ತೇವೆ. ಆ ಮನುಷ್ಯನು ನೀನೇ ಎಂಬದನ್ನು ನಾತಾನನು ಮುಖದ ಮೇಲೆ ತಿಳಿಸಿದನು. ದಾವೀದನು ಪ್ರವಾದಿಯನ್ನು ಸೆರೆಗೆ ಹಾಕಿಸಲಿಲ್ಲ. ತನ್ನ ಪಾಪವನ್ನು ಒಪ್ಪಿಕೊಂಡನು.

ಕೋಪಕ್ಕೆ ಇನ್ನೊಂದು ರೂಪವೂ ಉಂಟು. ಹಿರಿಯ ಮಗನಾದ ಅಮ್ನೋನನು, ಬಹು ಜಾಣನಾದ ಯೋನಾದಾಬನೆಂಬ ನಂಟನ ಆಲೋಚನೆಯನ್ನು ಕೇಳಿ, ತನ್ನ ತಂಗಿಯಾದ ತಾಮಾರಳನ್ನು ಕೆಡಿಸಿದನು. ಜಾಣತನವು ಬೇರೆ, ವಿವೇಕವು ಬೇರೆ. ಅರಸನು ಬಹಳ ಕೋಪಗೊಂಡನು. ಆದರೆ ಏನೂ ಮಾಡಲಿಲ್ಲ. ನ್ಯಾಯಕ್ಕಾಗಿ ಏಳಬೇಕಾಗಿದ್ದ ಕೋಪವು ಮನೆಯೊಳಗೆ ಸುಮ್ಮನೆ ಕುಳಿತಿತು. ಅವಳ ಅಣ್ಣನಾದ ಅಬ್ಷಾಲೋಮನು ಎರಡು ವರುಷ ಒಳ್ಳೇದನ್ನಾಗಲಿ ಕೆಟ್ಟದ್ದನ್ನಾಗಲಿ ಆಡದೆ ಕಾದಿದ್ದು, ಉಣ್ಣೆ ಕತ್ತರಿಸುವ ಔತಣವೊಂದಕ್ಕೆ ಅಮ್ನೋನನನ್ನು ಕರಿಸಿ ಆಳುಗಳಿಂದ ಕೊಲ್ಲಿಸಿದನು. ಆ ಔತಣದ ದಾರಿಯಲ್ಲಿ ಎದುರು ಬಂದು ತಡೆಯುವವರು ಯಾರೂ ಇರಲಿಲ್ಲ.

ಅಬ್ಷಾಲೋಮನು ತಂದೆಯ ಮೇಲೆ ದಂಗೆಯೆದ್ದಾಗ ದಾವೀದನ ಮಂತ್ರಿಯಾದ ಅಹೀತೋಫೆಲನು ಅವನ ಪಕ್ಷವನ್ನು ಸೇರಿದನು. ಈತನ ಆಲೋಚನೆಯನ್ನು ಜನರು ದೈವೋಕ್ತಿಯಂತೆ ಎಣಿಸುತ್ತಿದ್ದರು. ಬತ್ಷೆಬೆಯ ತಂದೆಯ ಹೆಸರೂ ಅಹೀತೋಫೆಲನ ಮಗನ ಹೆಸರೂ ಎಲೀಯಾಮನೆಂದೇ ಇರುವದರಿಂದ ಇವನು ಅವಳ ಅಜ್ಜನೆಂದು ಕೆಲವು ಪಂಡಿತರು ಎಣಿಸುತ್ತಾರೆ. ಹಾಗಿದ್ದರೆ ಬಹು ದಿನಗಳ ಸಿಟ್ಟು ಮಂತ್ರಾಲೋಚನೆಯ ವೇಷದಲ್ಲಿ ಹೊರಗೆ ಬಂತೆಂದು ತಿಳಿಯಬಹುದು. ಆ ರಾತ್ರಿಯೇ 12,000 ಜನರೊಡನೆ ತಾನು ಬೆನ್ನಟ್ಟಿ ದಾವೀದನೊಬ್ಬನನ್ನೇ ಕೊಲ್ಲುವೆನೆಂಬ ಅವನ ಆಲೋಚನೆಯು ಯುದ್ಧದ ರೀತಿಯಿಂದ ಸರಿಯಾದದ್ದೇ. ದಾವೀದನ ಗೆಳೆಯನಾದ ಹೂಷೈಯ ಮಾತನ್ನು ಅಬ್ಷಾಲೋಮನು ಹೆಚ್ಚಾಗಿ ಮೆಚ್ಚಿಕೊಂಡನು. ಅಹೀತೋಫೆಲನು ಕತ್ತೆಗೆ ತಡಿ ಹಾಕಿ ತನ್ನ ಊರಿಗೆ ಹೋಗಿ, ಮನೆಯ ವ್ಯವಸ್ಥೆಮಾಡಿ, ಉರ್ಲುಹಾಕಿಕೊಂಡು ಸತ್ತನು.

ಓಡಿಹೋಗುತ್ತಿದ್ದ ಆ ದಿನಗಳಲ್ಲಿಯೇ ಬಹುರೀಮಿನ ಶಿಮ್ಮಿಯೆಂಬವನು ಬೆಟ್ಟದ ಮಗ್ಗುಲಲ್ಲಿ ನಡೆಯುತ್ತಾ ಅರಸನನ್ನು ಶಪಿಸಿ ಕಲ್ಲೆಸೆದು ಮಣ್ಣು ತೂರಿದನು. ನಾಬಾಲನ ಬೈಗುಳು ಇದರ ಮುಂದೆ ಏನೂ ಅಲ್ಲ. ಅಬೀಷೈಯು ಹೋಗಿ ಅವನ ತಲೆ ತೆಗೆಯುವೆನೆಂದನು, ದಾವೀದನು ಬೇಡವೆಂದನು. ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಪ್ರಾಣ ತೆಗೆಯಬೇಕೆಂದಿರುವಾಗ ಈ ಬೆನ್ಯಾಮೀನ್ಯನ ಮಾತು ಏನು, ದೇವರೇ ಶಪಿಸಗೊಟ್ಟಿರಬಹುದೆಂದು ನಡೆದುಹೋದನು. ಈ ಸಾರಿ ಅವನು ತನಗೆ ತಾನೇ ಬುದ್ಧಿಹೇಳಿಕೊಂಡನು. ಜಯಹೊಂದಿ ಹಿಂದಿರುಗುವಾಗ ಶಿಮ್ಮಿಯು ಯೊರ್ದನಿನ ಬಳಿಯಲ್ಲಿ ಕಾಲಿಗೆ ಬೀಳಲಾಗಿ ಅವನು ಸಾಯುವದಿಲ್ಲವೆಂದು ಆಣೆಯಿಟ್ಟನು.

ಚರಿತ್ರೆಯನ್ನು ಇಲ್ಲಿಗೆ ನಿಲ್ಲಿಸಿದರೆ ನಮ್ಮ ಮನಸ್ಸಿಗೆ ಹಿತವಾಗುತ್ತಿತ್ತು. ವೇದಪುಸ್ತಕವು ನಿಲ್ಲಿಸುವದಿಲ್ಲ. ದಾವೀದನು ಮರಣಕಾಲದಲ್ಲಿ ಸೊಲೊಮೋನನನ್ನು ಕರಿಸಿ, ದೇವರ ಮಾರ್ಗದಲ್ಲಿ ನಡೆಯಬೇಕೆಂದು ಬೋಧಿಸಿ, ಅದೇ ಉಸಿರಿನಲ್ಲಿ ಯೋವಾಬನನ್ನೂ ಶಿಮ್ಮಿಯನ್ನೂ ಹೆಸರಿಸಿ, ಅವರ ನರೆತ ತಲೆಯು ಸಮಾಧಾನವಾಗಿ ಸಮಾಧಿಗೆ ಇಳಿಯದಂತೆ ನೋಡಿಕೊಳ್ಳಬೇಕೆಂದು ಆಜ್ಞಾಪಿಸಿದನು. ಯೋವಾಬನ ಮೇಲೆ ಇಬ್ಬರು ಸೇನಾಪತಿಗಳ ರಕ್ತವಿದ್ದದ್ದರಿಂದ ಅದನ್ನು ನ್ಯಾಯವೆನ್ನಬಹುದು. ಶಿಮ್ಮಿಯ ಸಂಗತಿಯು ಹಾಗಲ್ಲ. ಆಣೆಯ ಅಡಿಯಲ್ಲಿ ಹಳೆಯ ಕೆಂಡವು ಆರದೆ ಇತ್ತು. ಹಾಸಿಗೆಯ ಬಳಿಗೆ ನಾತಾನನೂ ಬತ್ಷೆಬೆಯೂ ಪಟ್ಟಾಭಿಷೇಕದ ವಿಷಯವಾಗಿ ಬಂದುಹೋಗಿದ್ದರು. ಅಬೀಗೈಲಳ ಹೆಸರು ಅಲ್ಲಿ ಕಾಣುವದಿಲ್ಲ. ಯೆರೂಸಲೇಮನ್ನು ಬಿಟ್ಟು ಹೊರಡಬಾರದೆಂದು ಸೊಲೊಮೋನನು ಶಿಮ್ಮಿಗೆ ಕಟ್ಟುಮಾಡಿದನು. ಮೂರು ವರುಷಗಳಾದ ಮೇಲೆ ಅವನ ಇಬ್ಬರು ದಾಸರು ಗತ್ ಊರಿಗೆ ಓಡಿಹೋದರು; ಮುದುಕನು ಕತ್ತೆಗೆ ತಡಿ ಹಾಕಿ ಅವರನ್ನು ಹಿಡಿದು ತರಲು ಹೋದನು. ಹಿಂದಿರುಗಿ ಬಂದ ಮೇಲೆ ಅರಸನ ಅಪ್ಪಣೆಯಿಂದ ಬೆನಾಯನು ಅವನನ್ನು ಕೊಂದನು.