ರೂಪಾಬಾಯಿ ಕಲಿತ ಕ್ಲೋರೋಫಾರ್ಮ್

ಅರಿವಳಿಕೆಯಲ್ಲಿ ಪಿಜಿ ಮಾಡ್ತಿರುವ ಹುಲಿಹೈದರದ ಗೆಳೆಯನದ್ದು ಒಂದೇ ಗೊಣಗಾಟ: ಯಾರೂ ಬಳಸದ ಕ್ಲೋರೋಫಾರ್ಮ್, ಈಥರ್ ನಾವ್ಯಾಕೆ ಓದಬೇಕು ಅಂತ. ಎಂಜಿನಿಯರಿಂಗ್‌ನಲ್ಲಿ 8085 ಮೈಕ್ರೊಪ್ರೊಸೆಸರ್ ಉರು ಹೊಡೆದವನು ನಾನು. ಅವನ ಸಂಕಟ ಗೊತ್ತು. ಆದರೂ ರೂಪಾಬಾಯಿ ಫರ್ದೂನ್‌ಜಿ ಬಗ್ಗೆ ಹೇಳಿದೆ. ಅವನು ಆ ಹೆಸರೇ ಕೇಳಿರಲಿಲ್ಲ.

ನಮ್ಮ ಕೊಪ್ಪಳ ಸೀಮೆಯೂ ನಿಜಾಮರ ರಾಜ್ಯದಲ್ಲಿದ್ದ ಕಾಲ. 1885ರಲ್ಲಿ ಪಾರ್ಸಿ ಸಮುದಾಯದ ರೂಪಾಬಾಯಿ ಹೈದರಾಬಾದ್ ವೈದ್ಯಕೀಯ ಶಾಲೆ ಸೇರಿದರು. ಅಲ್ಲಿನ ಮುಖ್ಯಸ್ಥ ಎಡ್ವರ್ಡ್ ಲಾರಿಗೆ ಕ್ಲೋರೋಫಾರ್ಮ್ ಮೇಲೆ ವಿಪರೀತ ನಂಬಿಕೆ. ಅದು ನೇರವಾಗಿ ಹೃದಯ ನಿಲ್ಲಿಸೋದಿಲ್ಲ, ಮೊದಲು ನಿಲ್ಲೋದು ಉಸಿರು, ಉಸಿರು ಕಾಯ್ದರೆ ಸಾಕು ಅನ್ನೋದು ಅವರ ವಾದ. ಅದನ್ನು ಸಾಬೀತು ಮಾಡಲು 1888, 1889ರಲ್ಲಿ ಎರಡು ಆಯೋಗಗಳು ಕೂತವು. ಎರಡನೆಯದಕ್ಕೆ ನಿಜಾಮರೇ ಸಾವಿರ ಪೌಂಡ್ ಕೊಟ್ಟರು. ಜೀವ ಕೊಟ್ಟಿದ್ದು ನಾಯಿಗಳು.

1889ರಲ್ಲೇ ತೇರ್ಗಡೆಯಾದ ರೂಪಾಬಾಯಿ ಹೈದರಾಬಾದಿನ ಆಸ್ಪತ್ರೆಗಳಲ್ಲಿ ಕ್ಲೋರೋಫಾರ್ಮ್ ಕೊಡತೊಡಗಿದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಅಂತ ಹಲವರು ಗುರುತಿಸುವುದು ಇವರನ್ನೇ. ಅಷ್ಟು ಅನುಭವ ಇದ್ದೂ 1909ರಲ್ಲಿ ಎಡಿನ್‌ಬರೋಗೆ ಹೋಗಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದರು. ನನಗೆ ಅತಿ ಇಷ್ಟವಾಗೋದು ಇದು.

1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲಿನ ಪ್ರಯೋಗದಲ್ಲಿ ತೋರಿಸಿಬಿಟ್ಟರು: ಕ್ಲೋರೋಫಾರ್ಮ್‌ನ ಮತ್ತು ಹಗುರವಾಗಿದ್ದಾಗಲೂ ಹೃದಯದ ಲಯ ತಪ್ಪಿ ಸಾವು ಬರಬಹುದು. ಗುರುವಿನ ವಾದ ಬಿದ್ದುಹೋಯಿತು. ರೂಪಾಬಾಯಿ ಮಾತ್ರ 1920ರವರೆಗೆ ದುಡಿದು, ಚಾದರ್‌ಘಾಟ್ ಆಸ್ಪತ್ರೆಯ ಮೇಲ್ವಿಚಾರಕಿಯಾಗಿ ನಿವೃತ್ತರಾದರು.

ಗೆಳೆಯ ಈಗ ಪ್ರತಿ ಆಪರೇಷನ್‌ನಲ್ಲೂ ಕ್ಯಾಪ್ನೋಗ್ರಾಫ್ ಪರದೆಯಲ್ಲಿ ಏರಿಳಿಯುವ ಉಸಿರಿನ ಗೆರೆ ನೋಡ್ತಾ ಕೂರುತ್ತಾನೆ. ಪಕ್ಕದಲ್ಲೇ ಇಸಿಜಿ ಗೆರೆ.