ಕಲ್ಲಿನಲ್ಲಿ ಮನುಷ್ಯನ ಚರಿತ್ರೆ ಓದಿದ ಬ್ರೂಸ್ ಫೂಟ್

ಮನುಷ್ಯನ ವಿಕಾಸದ ಮಾತು ಬಂದಾಗಲೆಲ್ಲ ನಮ್ಮ ಗಮನ ಆಫ್ರಿಕದ ಕಣಿವೆಗಳತ್ತಲೋ ಯುರೋಪಿನ ಗುಹೆಗಳತ್ತಲೋ ಹರಿಯುತ್ತದೆ. ಮಲಪ್ರಭೆ, ಕೃಷ್ಣೆ, ತುಂಗಭದ್ರೆಯರ ದಂಡೆಗಳಲ್ಲಿಯೂ ಆ ದೀರ್ಘ ಕಥೆಯ ಕೆಲವು ಅಧ್ಯಾಯಗಳು ಅಡಗಿವೆ ಎಂಬುದು ಅಕ್ಷರಸ್ಥರಿಗೂ ಅಷ್ಟಾಗಿ ತಿಳಿದಿಲ್ಲ. ಆ ಅಧ್ಯಾಯಗಳನ್ನು ಶಾಸ್ತ್ರೀಯವಾಗಿ ಓದಲಾರಂಭಿಸಿದವರಲ್ಲಿ ಮೊದಲಿಗರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಪ್ರಾಗಿತಿಹಾಸದ ಜನಕನೆಂದು ವಿದ್ವಾಂಸರು ಗೌರವಿಸುವ ಈ ಭೂವಿಜ್ಞಾನಿಯ ಬದುಕು ಕರ್ನಾಟಕದ ನೆಲದೊಂದಿಗೆ ಗಾಢವಾಗಿ ಬೆಸೆದುಕೊಂಡಿದೆ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದ ಅವರನ್ನು ಮದ್ರಾಸ್ ಪ್ರಾಂತ್ಯಕ್ಕೆ ನಿಯೋಜಿಸಲಾಯಿತು. ಅದು ಮನುಷ್ಯನ ಪ್ರಾಚೀನತೆಯನ್ನು ಕುರಿತ ನಂಬಿಕೆಗಳೆಲ್ಲ ಅಲುಗಾಡುತ್ತಿದ್ದ ಕಾಲ. 1859ರಲ್ಲಿ ಡಾರ್ವಿನ್ನರ ಜೀವಿವಿಕಾಸದ ಗ್ರಂಥ ಪ್ರಕಟವಾಯಿತು. ಫ್ರಾನ್ಸಿನ ಸೋಮ್ ನದಿಯ ಜಲ್ಲಿಪದರಗಳಲ್ಲಿ ದೊರೆತ ಕಲ್ಲಿನ ಆಯುಧಗಳು ಅಳಿದುಹೋದ ಪ್ರಾಣಿಗಳ ಕಾಲದ ಮನುಷ್ಯರವೇ ಎಂಬುದನ್ನು ಬ್ರಿಟಿಷ್ ವಿಜ್ಞಾನಿಗಳು ಒಪ್ಪಿದ್ದೂ ಅದೇ ವರ್ಷ. ಈ ಸುದ್ದಿ ದೂರದ ಮದ್ರಾಸಿನಲ್ಲಿದ್ದ ತರುಣ ಅಧಿಕಾರಿಯ ಕುತೂಹಲವನ್ನು ಕೆರಳಿಸಿತು.

1863ರ ಮೇ 30ರಂದು ಮದ್ರಾಸಿನ ಸಮೀಪದ ಪಲ್ಲಾವರಂನಲ್ಲಿ, ಜಂಬಿಟ್ಟಿಗೆ ಜಲ್ಲಿಯನ್ನು ಅಗೆದಿದ್ದ ಗುಂಡಿಯೊಂದರಲ್ಲಿ ಅವರಿಗೆ ಮನುಷ್ಯನೇ ಕೆತ್ತಿದ ಕಲ್ಲಿನ ಉಪಕರಣವೊಂದು ಸಿಕ್ಕಿತು. ಕೆಲವೇ ತಿಂಗಳಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಅಂಥ ಇನ್ನಷ್ಟು ಆಯುಧಗಳನ್ನು ಕಂಡುಕೊಂಡರು. ಭರತಖಂಡದಲ್ಲಿ ಮನುಷ್ಯನ ಇತಿಹಾಸ ಗ್ರಂಥಗಳಿಗೂ ಶಾಸನಗಳಿಗೂ ಎಷ್ಟೋ ಮೊದಲೇ ಆರಂಭವಾಗಿತ್ತು ಎಂಬುದಕ್ಕೆ ಕೈಯಲ್ಲಿ ಹಿಡಿದು ನೋಡಬಹುದಾದ ಸಾಕ್ಷ್ಯ ದೊರೆತದ್ದು ಹೀಗೆ.

ಮುಂದಿನ ದಶಕದಲ್ಲಿ ಫೂಟ್ ಅವರ ಕಾರ್ಯಕ್ಷೇತ್ರ ಕನ್ನಡ ನಾಡಿಗೆ ವಿಸ್ತರಿಸಿತು. ಬೆಳಗಾವಿ, ಕಲಾದಗಿ, ಧಾರವಾಡ ಸೀಮೆಗಳ ಶಿಲಾರಚನೆಯನ್ನು ಕುರಿತ ಅವರ ಬೃಹತ್ ವರದಿ 1876ರಲ್ಲಿ ಹೊರಬಂದಿತು. ಭೂವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಬಳಸುವ ಕಲಾದಗಿ, ಧಾರವಾಡ ಎಂಬ ಶಿಲಾಸಮೂಹಗಳ ಹೆಸರುಗಳು ಅವರಿಂದಲೇ ರೂಢಿಗೆ ಬಂದವು. ಬಂಡೆಗಳ ನಕ್ಷೆ ಬರೆಯುತ್ತಲೇ ಅವರು ಮಲಪ್ರಭೆಯ ಕಣಿವೆಯ ಜಲ್ಲಿಪದರಗಳಲ್ಲಿ ಹಳೆಯ ಶಿಲಾಯುಗದ ಆಯುಧಗಳನ್ನು ಹೆಕ್ಕಿದರು. ಗೋಕಾಕ ಸೀಮೆಯಲ್ಲಿ ದೊರೆತ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದರು. ಇಂದು ಕಬ್ಬು, ಜೋಳ ಬೆಳೆಯುವ ಆ ನಾಡಿನಲ್ಲಿ ಒಮ್ಮೆ ಘೇಂಡಾಮೃಗಗಳು ಅಡ್ಡಾಡಿದ್ದವು ಎಂಬುದು ಆಗ ವಿಸ್ಮಯದ ಸಂಗತಿಯಾಗಿತ್ತು.

ಬಳ್ಳಾರಿ ಸೀಮೆ ಅವರಿಗೆ ಇನ್ನೂ ದೊಡ್ಡ ಭಂಡಾರವಾಯಿತು. ಸಂಗನಕಲ್ಲು-ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನ ಕೊಡಲಿಗಳನ್ನು ತಯಾರಿಸುತ್ತಿದ್ದ ತಾಣವನ್ನು ಅವರು ಗುರುತಿಸಿದರು. ಕುಡತಿನಿ ಮುಂತಾದೆಡೆಗಳ ಬೂದಿದಿಬ್ಬಗಳನ್ನು ಜನ ರಕ್ಕಸರ ಚಿತೆಗಳೆಂದು ನಂಬಿದ್ದರು. ಜ್ವಾಲಾಮುಖಿಯ ಶೇಷವೆಂದು ಊಹಿಸಿದ ವಿದ್ವಾಂಸರೂ ಇದ್ದರು. ಫೂಟ್ ಅವನ್ನು ನವಶಿಲಾಯುಗದ ಪಶುಪಾಲಕರ ದೊಡ್ಡಿಗಳಿಗೆ ಸಂಬಂಧಿಸಿದ, ಸುಟ್ಟ ಸಗಣಿಯ ರಾಶಿಗಳೆಂದು ಗ್ರಹಿಸಿದರು. ಈ ಗ್ರಹಿಕೆ ಸರಿಯೆಂಬುದು ಬಹುಕಾಲದ ನಂತರ, 1950ರ ದಶಕದ ಕೊನೆಗೆ ಉಟ್ನೂರಿನಲ್ಲಿ ಆಲ್ಚಿನ್ ನಡೆಸಿದ ಉತ್ಖನನದಿಂದಲೂ ಕುಡತಿನಿಯ ಬೂದಿಯ ಪರೀಕ್ಷೆಯಿಂದಲೂ ದೃಢಪಟ್ಟಿತು. ದಕ್ಷಿಣದ ದನಗಾಹಿ ಬದುಕಿಗೆ ಸುಮಾರು ಐದು ಸಾವಿರ ವರ್ಷಗಳ ಹಿನ್ನೆಲೆಯಿದೆ ಎಂಬುದನ್ನು ನಾವು ಅರಿತದ್ದು ಈ ದಾರಿಯಿಂದಲೇ.

1891ರಲ್ಲಿ ಸರ್ವೇಕ್ಷಣೆಯಿಂದ ನಿವೃತ್ತರಾದ ಮೇಲೆ ಫೂಟ್ ಬರೋಡಾ ಸಂಸ್ಥಾನಕ್ಕೂ, ಆ ಬಳಿಕ ಮೈಸೂರು ಸಂಸ್ಥಾನಕ್ಕೂ ಭೂವಿಜ್ಞಾನಿಯಾಗಿ ಸೇವೆ ಸಲ್ಲಿಸಿದರು. ಸೇಲಂ ಬಳಿಯ ಏರ್ಕಾಡಿನಲ್ಲಿ ನೆಲೆಸಿ, ನಾಲ್ಕು ದಶಕಗಳ ತಮ್ಮ ಸಂಗ್ರಹವನ್ನು ವಿಂಗಡಿಸಿದರು. ನಾನೂರಕ್ಕೂ ಹೆಚ್ಚು ತಾಣಗಳ ಆ ಅಮೂಲ್ಯ ಸಂಗ್ರಹ 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರ್ 29ರಂದು ಅವರು ತೀರಿಕೊಂಡರು. ಆ ಸಂಗ್ರಹದ ವಿವರಣಾತ್ಮಕ ಸೂಚಿ ಹಾಗೂ ಟಿಪ್ಪಣಿಗಳ ಸಂಪುಟಗಳು ಬೆಳಕು ಕಂಡದ್ದು ಅವರ ಮರಣಾನಂತರವೇ.

ಫೂಟ್ ಅವರನ್ನು ದೋಷಾತೀತರೆಂದು ಹೊಗಳಬೇಕಾಗಿಲ್ಲ. ಅವರು ಸಾಮ್ರಾಜ್ಯದ ನೌಕರರು. ಖನಿಜ ಸಂಪತ್ತಿನ ಶೋಧವೇ ಅವರ ಉದ್ಯೋಗದ ಮೂಲ ಉದ್ದೇಶವಾಗಿತ್ತು. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಜನವಸತಿಯ ದೊಡ್ಡ ಕಂದರವೇ ಇತ್ತೆಂದು ಅವರು ಭಾವಿಸಿದ್ದರು. ಸಂಗನಕಲ್ಲಿನಲ್ಲಿ 1940ರ ದಶಕದಲ್ಲಿ ಸುಬ್ಬರಾವ್ ನಡೆಸಿದ ಉತ್ಖನನ ನವಶಿಲಾಯುಗದ ಪದರದ ಕೆಳಗೆ ಸೂಕ್ಷ್ಮ ಶಿಲಾಯುಧಗಳನ್ನು ತೋರಿಸಿಕೊಟ್ಟಿತು. ಆಂಧ್ರದ ಜ್ವಾಲಾಪುರಂನಲ್ಲಿ ಸುಮಾರು 35 ಸಾವಿರ ವರ್ಷಗಳಷ್ಟು ಹಳೆಯ ಅಂಥದೇ ಆಯುಧಗಳು ದೊರೆತ ಮೇಲೆ ಆ ಕಂದರ ಬಹುಮಟ್ಟಿಗೆ ತುಂಬಿತು. ಆದರೂ ಒಂದು ಮಾತು ನಿಜ. ಪ್ರತಿಯೊಂದು ಕಲ್ಲನ್ನೂ ಅದು ದೊರೆತ ಊರಿನ ಹೆಸರಿನೊಡನೆ ದಾಖಲಿಸಿಟ್ಟಿದ್ದರಿಂದಲೇ ಮುಂದಿನವರು ಅದೇ ತಾಣಗಳಿಗೆ ಮರಳಿ, ಅವರ ಅಭಿಪ್ರಾಯಗಳನ್ನು ತಿದ್ದಲು ಸಾಧ್ಯವಾಯಿತು.

ಅವರು ಹಾಕಿದ ತಳಹದಿಯ ಮೇಲೆ ಎದ್ದ ಸೌಧ ಬೆರಗು ಹುಟ್ಟಿಸುವಂಥದು. ಅತ್ತಿರಂಪಾಕ್ಕಂನ ಕೈಗೊಡಲಿಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಳೆಯವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಇಂದಿನ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಸುಣ್ಣಕಲ್ಲಿನ ಆಯುಧಗಳ ಕಾರ್ಯಾಗಾರವನ್ನು ಉತ್ಖನನ ಮಾಡಿತು. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜಿಸಲಾಗಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ಜಾತಿಯ ಮಾನವರು, ಎಂದರೆ ಹೋಮೋ ಸೇಪಿಯನ್ಸ್, ಆಫ್ರಿಕದಲ್ಲಿ ರೂಪುಗೊಂಡದ್ದು ಸುಮಾರು ಮೂರು ಲಕ್ಷ ವರ್ಷಗಳ ಹಿಂದೆ. ಇಸಾಂಪುರದ ಶಿಲ್ಪಿಗಳು ಅದಕ್ಕೂ ಬಹಳ ಹಿಂದಿನ ಬೇರೊಂದು ಮಾನವ ಕುಲದವರು. ಅವರಿಗೆ ಕನ್ನಡವೂ ಇಲ್ಲ, ತಮಿಳೂ ಇಲ್ಲ, ಜಾತಿಯಿಲ್ಲ, ಗೋತ್ರವಿಲ್ಲ. ಮೂಲನಿವಾಸಿಗಳು ಯಾರು, ಹೊರಗಿನಿಂದ ಬಂದವರು ಯಾರು ಎಂಬ ಇಂದಿನ ಜಗಳಗಳಿಗೆ ಈ ಕಲ್ಲುಗಳನ್ನು ಸಾಕ್ಷಿಗೆ ಕರೆಯುವುದು ಅವುಗಳಿಗೆ ಮಾಡುವ ಅಪಚಾರ.

ಪ್ರಾದೇಶಿಕ ಅಭಿಮಾನಕ್ಕೆ ಇದರಲ್ಲಿ ಎಡೆಯೇ ಇಲ್ಲವೆಂದಲ್ಲ. ಆದರೆ ಅದು ಹುಡುಕಾಟದ ಅಭಿಮಾನವಾಗಬೇಕು. ರಾಜ್ಯದ ಪ್ರಾಗಿತಿಹಾಸದ ನಕ್ಷೆಯಲ್ಲಿ ಬಯಲುಸೀಮೆಯ ನದಿಕಣಿವೆಗಳು ಚುಕ್ಕೆಗಳಿಂದ ತುಂಬಿದ್ದರೆ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಲೆನಾಡು ವಿರಳವಾಗಿ ಕಾಣುತ್ತದೆ. ಶಿರಸಿ ತಾಲ್ಲೂಕಿನ ವಾನಳ್ಳಿಯಂಥ ಊರನ್ನು ನೆನೆದರೆ ಇದರ ಕಾರಣ ಹೊಳೆಯುತ್ತದೆ. ದಟ್ಟ ಕಾಡು, ಅಡಿಕೆ ತೋಟ, ವರ್ಷವರ್ಷವೂ ನೆಲ ಮುಚ್ಚುವ ದರಕು, ಜಡಿಮಳೆ. ಆಮ್ಲೀಯ ಮಣ್ಣಿನಲ್ಲಿ ಎಲುಬು ಬಹುಕಾಲ ಉಳಿಯದು. ಪಲ್ಲಾವರಂನ ಜಂಬಿಟ್ಟಿಗೆ ಜಲ್ಲಿ ಹರಿದು ಬಂದು ಸಂಚಯವಾದದ್ದು. ಆದ್ದರಿಂದ ಅದರೊಳಗೆ ಆಯುಧಗಳು ಸೇರಿದ್ದವು. ಮಲೆನಾಡಿನ ಚಿರೆಕಲ್ಲಾದರೋ ಬಹುಪಾಲು ಅಡಿಬಂಡೆಯೇ ಇದ್ದಲ್ಲಿ ಶಿಥಿಲವಾಗಿ ಆದದ್ದು. ಇಲ್ಲಿ ಕಣ್ಣಿಡಬೇಕಾದದ್ದು ಹೊಳೆದಂಡೆಗಳ ಮೇಲೆ, ಕಲ್ಲಾಸರೆಗಳ ಮೇಲೆ, ಬೋಳು ದಿಬ್ಬಗಳ ಮೇಲೆ. ಕುರುಹು ಸಿಕ್ಕಿಲ್ಲವೆಂದ ಮಾತ್ರಕ್ಕೆ ಮನುಷ್ಯ ಇರಲಿಲ್ಲವೆಂದು ತೀರ್ಮಾನಿಸಲಾಗದು.

ಇತ್ತ ಕುರುಹುಗಳಿರುವಲ್ಲಿ ಅವು ಅಳಿಯುತ್ತಿವೆ. ಸಂಗನಕಲ್ಲಿನ ಬೆಟ್ಟಗಳಿಗೆ ಕಲ್ಲುಗಣಿಗಾರಿಕೆ ಕಂಟಕವಾಯಿತು. ಬೂದಿದಿಬ್ಬಗಳು ಹೊಲಗಳಿಗೆ ಗೊಬ್ಬರವಾಗಿ ಸಾಗಿದವು. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನಲ್ಲಿ ವಸ್ತುಸಂಗ್ರಹಾಲಯವೊಂದು ತಲೆಯೆತ್ತಿರುವುದು ಸಮಾಧಾನದ ವಿಷಯ. ಆದರೆ ಸ್ಥಾನದಿಂದ ಕದಲಿದ ಕಲ್ಲು ಅರ್ಧ ಮೂಕ. ಅದು ಯಾವ ಪದರದಲ್ಲಿ, ಯಾವುದರ ಜತೆ ಇತ್ತು ಎಂಬುದೇ ಅದರ ಮಾತು. ತಾಣಗಳ ಪಟ್ಟಿ ಮಾಡಿ, ಗಡಿ ಗುರುತಿಸಿ ಸಂರಕ್ಷಿಸುವುದು ಸರ್ಕಾರದ ಕರ್ತವ್ಯ. ಬಾವಿ ತೋಡುವಾಗ, ರಸ್ತೆ ಕಡಿಯುವಾಗ ವಿಚಿತ್ರ ಆಕಾರದ ಕಲ್ಲು ಕಂಡರೆ ಒಂದು ಗಳಿಗೆ ನಿಂತು ನೋಡುವುದು, ಊರಿನ ಶಾಲೆಯ ಮೇಷ್ಟರಿಗೋ ಪುರಾತತ್ವ ಇಲಾಖೆಗೋ ತಿಳಿಸುವುದು ಉಳಿದವರ ಕರ್ತವ್ಯ. ಜಲ್ಲಿಗುಂಡಿಯ ಒಂದು ಕಲ್ಲನ್ನು ಉಪೇಕ್ಷಿಸದೆ ಎತ್ತಿಕೊಂಡ ಫೂಟ್ ಅವರಿಗೆ ಇದಕ್ಕಿಂತ ಯೋಗ್ಯವಾದ ಸ್ಮಾರಕ ಇರಲಾರದು.